ನ್ಯಾನೊ ಸಿಲಿಕಾ ಎಪಾಕ್ಸಿ ಕಿಟ್: ಮಂಡಕ್ಕಿ ಭಟ್ಟಿಯ ನೆಲಕ್ಕೆ ಎಷ್ಟು ಲಾಯಕ್ಕು?

ದಾವಣಗೆರೆಯ ಬಣ್ಣದಂಗಡಿಗಳಲ್ಲಿ ‘ನ್ಯಾನೊ’ ಹೆಸರಿನಲ್ಲಿ ಮೂರು ಬಗೆಯ ಮಾಲು ಕೈಗೆ ಬರುತ್ತದೆ. ಸಾದಾ ಎಪಾಕ್ಸಿಗೆ (ಎರಡು ಭಾಗ ಕಲಸಿ ಬಳಿದರೆ ಗಟ್ಟಿಯಾಗುವ ನೆಲದ ಲೇಪನ) ನಾವೇ ಕಲಸಿಕೊಳ್ಳಬೇಕಾದ ಬಿಳಿ ಸಿಲಿಕಾ ಪುಡಿ ಒಂದು. ಕಾರ್ಖಾನೆಯಲ್ಲೇ ಸಿಲಿಕಾ ಬೆರೆಸಿ ತಂದ ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್‌ನ ಜೋಡಿ ಡಬ್ಬ ಇನ್ನೊಂದು. ತಾರಸಿಗೆ ಬಳಿಯುವ ನೀರಿನ ಅಕ್ರಿಲಿಕ್ ಮೂರನೆಯದು; ಅದರ ಕಥೆಯೇ ಬೇರೆ, ಇಲ್ಲಿ ಬೇಡ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ, ಗೋದಾಮುಗಳ ನೆಲಕ್ಕೆ ಮೊದಲ ಎರಡನ್ನು ತೂಗಿ ನೋಡಿದರೆ ಜೋಡಿ ಡಬ್ಬದ ಕಿಟ್ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಟ್ರಾಲಿ ಓಡಾಡುವ ದಾರಿ ಮತ್ತು ತೂಕದ ಕಟ್ಟೆಯ ಸುತ್ತ ಮಾತ್ರ. ಪುಡಿ ಪೊಟ್ಟಣ ಕೊಳ್ಳುವುದು ಬೇಡ. ಒಲೆಯ ಬಾಯಿಯ ಹತ್ತಿರಕ್ಕಂತೂ ಎರಡೂ ಬೇಡ.

ಮಂಡಕ್ಕಿ ಭಟ್ಟಿಯ ನೆಲವನ್ನು ತಿನ್ನುವುದು ಮೂರು ವಸ್ತು: ಉಸುಕು, ಉಪ್ಪು, ಹೊಟ್ಟು. ಅಕ್ಕಿಗೆ ಉಪ್ಪುನೀರು ಹಿಡಿಸಿ, ಒಣಗಿಸಿ, ಕಾದ ಉಸುಕಿನಲ್ಲಿ ಅರಳಿಸುವ ಕೆಲಸ ಇದು. ಜರಡಿಯಿಂದ ಜಾರಿದ ಉಸುಕು ಟ್ರಾಲಿ ಗಾಲಿಯ ಕೆಳಗೆ ಸಿಕ್ಕಿ ನೆಲವನ್ನು ಅರೆಯುತ್ತದೆ. ಉಸುಕಿನ ಗಡಸುತನ ಮೋಸ್ ಅಳತೆಯಲ್ಲಿ 7 (ವಜ್ರಕ್ಕೆ 10). ಎಪಾಕ್ಸಿ ಅದರ ಮುಂದೆ ತೀರಾ ಮೆದು. ಭತ್ತದ ಹೊಟ್ಟಿನಲ್ಲೂ ಸಿಲಿಕಾ ತುಂಬಿದೆ, ಅದೂ ಉಜ್ಜುತ್ತದೆ. ಸಾದಾ ಎಪಾಕ್ಸಿ ಹಾಕಿದ ನೆಲದಲ್ಲಿ ಮೊದಲು ಟ್ರಾಲಿ ದಾರಿಯ ಹೊಳಪು ಹೋಗುತ್ತದೆ, ಆಮೇಲೆ ಗೆರೆ ಗೆರೆಯಾಗಿ ಕಾಂಕ್ರೀಟ್ ಇಣುಕುತ್ತದೆ. ಉಪ್ಪಿನ ಕೆಲಸ ಬೇರೆ ದಾರಿಯದು. ಅದು ಕೆಳಗಿನಿಂದ ಎಬ್ಬಿಸುತ್ತದೆ.

ಸಿಲಿಕಾ ಕಣ 20 ನ್ಯಾನೊಮೀಟರ್‌ನಷ್ಟು (ಮಿಲಿಮೀಟರ್‌ನ ಸಾವಿರದ ಒಂದು ಪಾಲು ಮೈಕ್ರಾನ್, ಅದರ ಸಾವಿರದ ಒಂದು ಪಾಲು ನ್ಯಾನೊಮೀಟರ್) ಸಣ್ಣದಾಗಿ, ಒಂದಕ್ಕೊಂದು ಅಂಟದೆ ರಾಳದಲ್ಲಿ ಹರಡಿಕೊಂಡಾಗ ಮೂರು ಲಾಭ. ಪದರ ಸ್ವಲ್ಪ ಬಿಗಿಯಾಗುತ್ತದೆ, ಗೀರು ಕಡಿಮೆ ಬೀಳುತ್ತದೆ. ಬಿರುಕು ಹುಟ್ಟಿದರೂ ನೇರ ಓಡುವುದಿಲ್ಲ. ಕಣದ ಸುತ್ತ ರಾಳ ಬಿಟ್ಟುಕೊಂಡು ಹಿಗ್ಗುವಾಗ ಬಿರುಕಿನ ಶಕ್ತಿ ಅಲ್ಲಿಯೇ ಖರ್ಚಾಗುತ್ತದೆ. ಹಾಗಾಗಿ ಗಡಸು ಹೆಚ್ಚಿದರೂ ಪದರ ಪೆಡಸಾಗುವುದಿಲ್ಲ. ದಪ್ಪ ಕ್ವಾರ್ಟ್ಜ್ ಹಿಟ್ಟು ತುಂಬಿದ ಎಪಾಕ್ಸಿಯಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಮೂರನೆಯದು, ಬೆಳಕಿನ ತರಂಗಕ್ಕಿಂತ ಕಣ ಬಹಳ ಸಣ್ಣದಾದ್ದರಿಂದ ಪಾರದರ್ಶಕ ಪದರ ಪಾರದರ್ಶಕವಾಗಿಯೇ ಉಳಿಯುತ್ತದೆ. ಡಬ್ಬದ ತಳದಲ್ಲಿ ಗಸಿ ಕೂರುವುದೂ ಇಲ್ಲ: ಕಣ ಕೆಳಗಿಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುವುದರಿಂದ, 2 ಮೈಕ್ರಾನ್ ಕಣಕ್ಕಿಂತ 20 ನ್ಯಾನೊಮೀಟರ್ ಕಣ ಹತ್ತು ಸಾವಿರ ಪಟ್ಟು ನಿಧಾನ.

ನೀರು, ಉಪ್ಪು ಒಳಗೆ ಹೋಗದಂತೆ ತಡೆಯುವುದರಲ್ಲಿ ಮಾತ್ರ ಮಾರುವವರು ಹೇಳುವಷ್ಟು ಪವಾಡ ಇಲ್ಲ. ಗುಂಡು ಕಣದ ಪಕ್ಕದಿಂದ ನೀರು ಸುಲಭವಾಗಿ ಸುತ್ತಿ ಹೋಗುತ್ತದೆ. ಆ ಕೆಲಸಕ್ಕೆ ಚಪ್ಪಟೆ ಕಣ ಬೇಕು, ಅಂದರೆ ಮಾಂಟ್‌ಮೊರಿಲೊನೈಟ್ ಜೇಡಿಯ ಹಾಳೆಗಳಂಥದ್ದು ಅಥವಾ ಹಳೆಯ ಕಾಲದ ಮೈಕಾ.

ಇನ್ನು ಪುಡಿ ಏಕೆ ಬೇಡ ಎಂಬುದಕ್ಕೆ ಲೆಕ್ಕ. ಸಿಲಿಕಾದ ಸಾಂದ್ರತೆ 2.2. 20 ನ್ಯಾನೊಮೀಟರ್‌ನ ಗುಂಡು ಕಣವಾದರೆ ಒಂದು ಗ್ರಾಂಗೆ ಸುಮಾರು 136 ಚದರ ಮೀಟರ್ ಮೇಲ್ಮೈ. ಒಂದು ಕೆ.ಜಿ.ಗೆ 1.36 ಲಕ್ಷ ಚದರ ಮೀಟರ್, ಅಂದರೆ ಮೂವತ್ತಮೂರು ಎಕರೆಗೂ ಮಿಕ್ಕಿ. ಅಷ್ಟು ಜಾಗವನ್ನು ರಾಳ ಒದ್ದೆ ಮಾಡಬೇಕು. ಒದ್ದೆಯಾಗದೆ ಉಳಿದ ಕಣಗಳು ಒಂದನ್ನೊಂದು ಹಿಡಿದು ಗಂಟಾಗುತ್ತವೆ. ಗಂಟಾದ ಮೇಲೆ ಅದು ನ್ಯಾನೊ ಅಲ್ಲ, ಒಳಗೆ ಗಾಳಿ ಇಟ್ಟುಕೊಂಡ ಹತ್ತಾರು ಮೈಕ್ರಾನ್‌ನ ಸಡಿಲ ಉಂಡೆ. ಬಿರುಕು ತಡೆಯುವ ಬದಲು ಬಿರುಕು ಶುರುವಾಗುವ ಜಾಗವೇ ಅದು. ಇಂಥ ಪದರ ಏನೂ ಬೆರೆಸದ ಸಾದಾ ಎಪಾಕ್ಸಿಗಿಂತ ಬೇಗ ಸವೆಯಬಹುದು.

ಪೊಟ್ಟಣದ ಜೊತೆ ‘ಡ್ರಿಲ್ ಮೆಷಿನ್‌ಗೆ ಕಡೆಗೋಲು ಸಿಕ್ಕಿಸಿ ಹತ್ತು ನಿಮಿಷ ತಿರುಗಿಸಿ’ ಎಂಬ ಸಲಹೆ ಕೊಡುತ್ತಾರೆ. 80 ಮಿಲಿಮೀಟರ್‌ನ ಕಡೆಗೋಲು ನಿಮಿಷಕ್ಕೆ 900 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 4 ಮೀಟರ್ ಕೂಡ ಮುಟ್ಟುವುದಿಲ್ಲ. ಬಣ್ಣದ ಕಾರ್ಖಾನೆಯ ಡಿಸ್ಪರ್ಸರ್ ಹಲ್ಲುಚಕ್ರ ಓಡುವುದು 18ರಿಂದ 25 ಮೀಟರ್ ವೇಗದಲ್ಲಿ. ಅಷ್ಟು ಸಾಲದೆ ಸಣ್ಣ ಜಿರ್ಕೋನಿಯ ಮಣಿ ತುಂಬಿದ ಬೀಡ್ ಮಿಲ್ಲಿಗೂ ಹಾಕುತ್ತಾರೆ. ಡ್ರಿಲ್ಲು ಮಾಡುವುದು ಎರಡೇ ಕೆಲಸ: ಗಂಟುಗಳನ್ನು ರಾಳದ ತುಂಬ ಸಮನಾಗಿ ಹಂಚುವುದು, ಗಾಳಿ ತುಂಬಿಸುವುದು. ಪೊಟ್ಟಣದ ಫ್ಯೂಮ್ಡ್ ಸಿಲಿಕಾ (ಜ್ವಾಲೆಯಲ್ಲಿ ತಯಾರಿಸಿದ ಹಗುರ ಸಿಲಿಕಾ ಪುಡಿ) ನೂರಕ್ಕೆ ಎರಡು ಮೂರು ಪಾಲು ಸೇರಿದರೂ ರಾಳ ಬೆಣ್ಣೆಯ ಹಾಗೆ ನಿಂತುಬಿಡುವುದರಿಂದ ಆ ಗಾಳಿ ಮೇಲೆ ಬರುವುದೂ ಇಲ್ಲ. ಆಗ ಪೇಂಟರ್ ಥಿನ್ನರ್ ಸುರಿಯುತ್ತಾನೆ. ಥಿನ್ನರ್ ದಪ್ಪ ಪದರದೊಳಗೆ ಸಿಕ್ಕಿಕೊಂಡು ವಾರಗಟ್ಟಲೆ ನೆಲ ಮೆತ್ತಗಿರುತ್ತದೆ. ಪುಡಿ ಕೊಂಡವರ ದೂರುಗಳಲ್ಲಿ ಹೆಚ್ಚಿನವು (ಸೂಜಿ ತೂತು, ಮಚ್ಚೆ, ಒಣಗದ ನೆಲ) ಇದೇ ಸರಪಳಿಯ ಬೇರೆ ಬೇರೆ ಕೊಂಡಿಗಳು.

ಪುಡಿ ಅಸಲಿಯೋ ಎಂಬುದನ್ನು ಅಂಗಡಿಯಲ್ಲೇ ತಿಳಿಯಬಹುದು. ಅಸಲಿ ಫ್ಯೂಮ್ಡ್ ಸಿಲಿಕಾ ಲೀಟರಿಗೆ ಸುಮಾರು 50 ಗ್ರಾಂ ಮಾತ್ರ ತೂಗುತ್ತದೆ. 100 ಗ್ರಾಂ ಪೊಟ್ಟಣ ಎರಡು ಲೀಟರ್‌ನಷ್ಟು ಉಬ್ಬಿರಬೇಕು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದರೆ ಅದು ಟಾಲ್ಕೋ ಕ್ವಾರ್ಟ್ಜ್ ಹಿಟ್ಟೋ ಇರುತ್ತದೆ. ‘ಸಿಲೇನ್ ಟ್ರೀಟೆಡ್’ (ಸಿಲೇನ್ ಅಂದರೆ ಕಣವನ್ನು ರಾಳಕ್ಕೆ ಬೆಸೆಯಲು ಮೇಲ್ಮೈಗೆ ಹಿಡಿಸುವ ರಾಸಾಯನಿಕ) ಎಂದು ಬರೆದಿದ್ದರೆ ಇನ್ನೊಂದು ಲೆಕ್ಕ ಕೇಳಿ. ಗ್ರಾಂಗೆ 200 ಚದರ ಮೀಟರ್‌ನ ಪುಡಿ 100 ಗ್ರಾಂ ಇದ್ದರೆ ಮೇಲ್ಮೈ 20,000 ಚದರ ಮೀಟರ್. ಎಪಾಕ್ಸಿಗೆ ಹೊಂದುವ ಗ್ಲೈಸಿಡಾಕ್ಸಿ ಸಿಲೇನ್ ಒಂದು ಗ್ರಾಂ ಮುಚ್ಚುವುದು ಸುಮಾರು 330 ಚದರ ಮೀಟರ್. ಪೂರ್ತಿ ಮುಚ್ಚಲು 60 ಗ್ರಾಂ ಬೇಕು. ‘ನೂರಕ್ಕೆ ಒಂದು ಪಾಲು ಸಿಲೇನ್ ಹಾಕಿದ್ದೇವೆ’ ಎನ್ನುವ ಮಾತು ಮೈಕ್ರಾನ್ ಗಾತ್ರದ ಹಿಟ್ಟಿಗೆ ಸರಿ, ಇದಕ್ಕೆ ಏನೇನೂ ಸಾಲದು.

ಜೋಡಿ ಡಬ್ಬದ ಕಿಟ್‌ಗೆ ಬರೋಣ. ಇದರ ಸಿಲಿಕಾ ಪುಡಿಯಾಗಿ ಬಂದದ್ದಲ್ಲ. ದ್ರವದಲ್ಲೇ ಬೆಳೆಸಿ, ಮೇಲ್ಮೈಗೆ ಸಿಲೇನ್ ಹಿಡಿಸಿ, ಒಣಗಲು ಬಿಡದೆಯೇ ರಾಳಕ್ಕೆ ದಾಟಿಸಿದ್ದು. ಈ ಬಗೆಯ ಮಾಸ್ಟರ್‌ಬ್ಯಾಚ್‌ಗಳಲ್ಲಿ (ಸಾದಾ ರಾಳಕ್ಕೆ ಬೆರೆಸಲೆಂದೇ ಹೆಚ್ಚು ಸಿಲಿಕಾ ತುಂಬಿದ ರಾಳ) ನೂರಕ್ಕೆ 40 ಪಾಲು ಸಿಲಿಕಾ ಇದ್ದರೂ ಸುರಿಯಲು ಬರುತ್ತದೆ, ಪುಡಿಯಿಂದ ಅದು ಸಾಧ್ಯವೇ ಇಲ್ಲ. ನಾವು ನೋಡಿದ ಕಿಟ್‌ನಲ್ಲಿ ರಾಳ 4 ಕೆ.ಜಿ., ಅಮೈನ್ ಹಾರ್ಡನರ್ 2 ಕೆ.ಜಿ. ರಾಳದ ಡಬ್ಬ ತೆರೆದಾಗ ತಳದಲ್ಲಿ ಗಸಿ ಇರಲಿಲ್ಲ. ಗಾಜಿನ ಮೇಲೆ ತೆಳ್ಳಗೆ ಎಳೆದು ಟ್ಯೂಬ್‌ಲೈಟಿಗೆ ಹಿಡಿದರೆ ಅಕ್ಕಿ ಗಂಜಿಯ ಬಿಳುಪು ಇಲ್ಲ, ಕಾಳೂ ಇಲ್ಲ. ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ: ಗಂಟು ಇದ್ದರೆ ಕಣ್ಣಿಗೆ ಕಂಡೇ ಕಾಣುತ್ತದೆ.

ಡಬ್ಬದ ಮೇಲಿನ ‘5% ನ್ಯಾನೊ’ ಎಂಬುದನ್ನು ಮಾತ್ರ ಬಿಡಿಸಿ ಓದಬೇಕು. ಅದು ರಾಳದ ಡಬ್ಬಕ್ಕೆ ಹೇಳಿದ್ದು. 4 ಕೆ.ಜಿ.ಯಲ್ಲಿ 200 ಗ್ರಾಂ; ಹಾರ್ಡನರ್ ಸೇರಿದ ಮೇಲೆ 6 ಕೆ.ಜಿ.ಯಲ್ಲಿ 200 ಗ್ರಾಂ, ಅಂದರೆ ನೆಲದ ಮೇಲೆ ಇರುವುದು 3.3% ಮಾತ್ರ. ಅದೇನೂ ಕಡಿಮೆಯಲ್ಲ, ಕೆಲಸಕ್ಕೆ ಸಾಕು. ಆದರೆ ಎರಡು ಕಂಪನಿಗಳ ಮಾಲು ಹೋಲಿಸುವಾಗ ಒಬ್ಬರು ರಾಳದ ಮೇಲೂ ಇನ್ನೊಬ್ಬರು ಒಟ್ಟು ತೂಕದ ಮೇಲೂ ಹೇಳಿದ್ದರೆ ಹೋಲಿಕೆ ಕೆಡುತ್ತದೆ. ನಿಜವಾಗಿ ಅಷ್ಟಿದೆಯೇ ಎಂದು ತಿಳಿಯಲು ಮಫಲ್ ಫರ್ನೇಸ್ (ಮುಚ್ಚಿದ ಕುಲುಮೆ) ಇರುವ ಕಾಲೇಜು ಪ್ರಯೋಗಾಲಯ ಸಾಕು. ಬಣ್ಣ ಹಾಕದ ರಾಳ 10 ಗ್ರಾಂ ಮೂಸೆಯಲ್ಲಿಟ್ಟು, ಹೊಗೆ ಹೋಗುವವರೆಗೆ ನಿಧಾನ ಕಾಯಿಸಿ, 600 ಡಿಗ್ರಿಯಲ್ಲಿ ಕರಿ ಉಳಿಯದಂತೆ ಸುಟ್ಟರೆ ತಳದಲ್ಲಿ ಅರ್ಧ ಗ್ರಾಂ ಬಿಳಿ ಬೂದಿ ಉಳಿಯಬೇಕು. ಬಣ್ಣದ ಕಿಟ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಕೂಡ ಉಳಿಯುವುದರಿಂದ ಈ ಲೆಕ್ಕ ನಡೆಯದು. ಬೂದಿ ಎಷ್ಟಿದೆ ಎಂದು ಹೇಳುತ್ತದೆ, ಕಣ ಎಷ್ಟು ಸಣ್ಣದು ಎಂದು ಹೇಳುವುದಿಲ್ಲ. ಅದಕ್ಕೆ ಗಾಜಿನ ಪರೀಕ್ಷೆಯೇ ಗತಿ.

ಕಿಟ್ ಬಿಟ್ಟು ಬರೀ ಮಾಸ್ಟರ್‌ಬ್ಯಾಚ್ ತಂದು ಸ್ವಂತ ರಾಳಕ್ಕೆ ಸೇರಿಸುವವರು ಎಡವುವ ಜಾಗ ಒಂದಿದೆ. ಸಿಲಿಕಾ ಹಾರ್ಡನರ್ ಜೊತೆ ಸೇರಿ ಗಟ್ಟಿಯಾಗುವ ವಸ್ತುವಲ್ಲ. 40% ಸಿಲಿಕಾ ಇರುವ 1 ಕೆ.ಜಿ.ಯಲ್ಲಿ ರಾಳ 600 ಗ್ರಾಂ ಮಾತ್ರ. 2:1 ಹಾರ್ಡನರ್ ಆದರೆ ಅದಕ್ಕೆ ಬೇಕಾದ್ದು 300 ಗ್ರಾಂ; ಒಟ್ಟು ತೂಕ ನೋಡಿ 500 ಗ್ರಾಂ ಸುರಿದರೆ ಮಿಕ್ಕ ಅಮೈನ್ ಪದರದಲ್ಲೇ ಉಳಿದು ನೆಲ ಜಿಗುಟಾಗಿ, ನೀರು ಬಿದ್ದಲ್ಲಿ ಬಿಳುಚಿಕೊಳ್ಳುತ್ತದೆ.

ಮಂಡಕ್ಕಿ ಭಟ್ಟಿಯಲ್ಲಿ ಎಪಾಕ್ಸಿ ಕೀಳುವುದಕ್ಕೆ ದೊಡ್ಡ ಕಾರಣ ಮೇಲಿನ ಸವೆತ ಅಲ್ಲವೇ ಅಲ್ಲ, ಕೆಳಗಿನ ಉಪ್ಪು. ವರ್ಷಾನುಗಟ್ಟಲೆ ಉಪ್ಪುನೀರು ಕುಡಿದ ಕಾಂಕ್ರೀಟ್ ಮೇಲೆ ಯಾವ ಲೇಪನ ಹಾಕಿದರೂ ಒಳಗಿನ ಉಪ್ಪು ತೇವವನ್ನು ಎಳೆದುಕೊಂಡು ಪದರದ ಅಡಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದರೆ ಒಳಗೆ ಉಪ್ಪುಪ್ಪು ನೀರು. ಇದಕ್ಕೆ ನ್ಯಾನೊ ಮದ್ದಲ್ಲ. ಕಿಟ್‌ನ ಕರಪತ್ರ ಹೇಳುವ ‘ಆಸಿಡ್ ಹಾಕಿ ತೊಳೆಯಿರಿ’ ಎಂಬುದು ಈ ನೆಲಕ್ಕೆ ತಪ್ಪು ಸಲಹೆ; ಹೈಡ್ರೋಕ್ಲೋರಿಕ್ ಆಸಿಡ್ ಇನ್ನಷ್ಟು ಕ್ಲೋರೈಡನ್ನೇ ಬಿಟ್ಟು ಹೋಗುತ್ತದೆ. ಡೈಮಂಡ್ ಗ್ರೈಂಡರಿನಿಂದ ಮೇಲಿನ ಹಾಲುಪದರ (ಸಿಮೆಂಟ್ ಹಾಲು ಗಟ್ಟಿಯಾದ ದುರ್ಬಲ ಪೊರೆ) ತೆಗೆದು, ನೀರು ನಿಲ್ಲಿಸಿ ಎಳೆಯುವುದನ್ನು ಎರಡು ಮೂರು ಸಲ ಮಾಡಬೇಕು. ಕೊನೆಯ ತೊಳೆತದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಹಾಲಿನಂತೆ ಒಡೆಯುವುದು ಕ್ಲೋರೈಡ್ ಗುರುತು. ಬೋರ್‌ವೆಲ್ ನೀರಿನಲ್ಲೇ ಕ್ಲೋರೈಡ್ ಇರುವುದರಿಂದ ತೊಳೆಯಲು ತಂದ ನೀರನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ನಲ್ಲಿ ನೀರೋ ನಾಲೆ ನೀರೋ ಸಿಕ್ಕರೆ ಅದೇ ಒಳ್ಳೆಯದು.

ತೇವಕ್ಕೆ ಪ್ಲಾಸ್ಟಿಕ್ ಹಾಳೆ ಪರೀಕ್ಷೆ: ಒಂದೂವರೆ ಅಡಿ ಚೌಕದ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಎತ್ತಿದಾಗ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಕೆಲಸ ನಿಲ್ಲಿಸಿ. ಭದ್ರಾ ನಾಲೆಯ ಗದ್ದೆಬಯಲಿಗೆ ತಾಗಿದ ಹಳೆಯ ಗೋದಾಮುಗಳಲ್ಲಿ ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಈ ಪರೀಕ್ಷೆಯ ಫಲ ಬೇರೆ, ಬೇಸಿಗೆಯಲ್ಲಿ ಬೇರೆ. ಕೆಟ್ಟ ತಿಂಗಳಲ್ಲಿ ಪರೀಕ್ಷಿಸಿದವರೇ ಜಾಣರು.

ಬರಿ ಕಾಂಕ್ರೀಟಿಗೆ ನೇರವಾಗಿ ಈ ಕಿಟ್ ಹಾಕುವುದು ಬೇಡ. ಮೊದಲು ನೀರಿನಂಥ ತೆಳು ಎಪಾಕ್ಸಿ ಪ್ರೈಮರ್ ಇಳಿಯಲಿ, ಅದರ ಮೇಲೆ ಇದನ್ನು 150 ಮೈಕ್ರಾನ್‌ನಂತೆ ಎರಡು ಕೈ. ಥಿನ್ನರ್ ಇಲ್ಲದ ಮಾಲಾದ್ದರಿಂದ 6 ಕೆ.ಜಿ. ಅಂದರೆ ಸುಮಾರು ಐದೂವರೆ ಲೀಟರ್; ಲೆಕ್ಕದಲ್ಲಿ ಒಂದು ಕೈಗೆ ನಾಲ್ಕು ಚದರದ (ಒಂದು ಚದರ ಅಂದರೆ 100 ಚದರ ಅಡಿ) ಹತ್ತಿರ ಬರುತ್ತದೆ, ರೋಲರ್, ಬಕೆಟ್, ನೆಲದ ಉಬ್ಬುತಗ್ಗು ಕಳೆದು ಮೂರು ಚದರ ಎಂದುಕೊಳ್ಳಿ. ಅಂಗಡಿಯವರು ಆರು ಚದರ ಎಂದರೆ ಅದು 75 ಮೈಕ್ರಾನ್‌ನ ಮಾತು. ಒದ್ದೆ ಪದರದ ದಪ್ಪ ನೋಡುವ ಹಲ್ಲಿನ ಬಾಚಣಿಗೆ ಗೇಜ್ ಅಗ್ಗದ ಸಾಮಾನು, ಪೇಂಟರ್ ಕೈಯಲ್ಲಿ ಅದಿಲ್ಲದಿದ್ದರೆ ನಿಮ್ಮ ಕೈಯಲ್ಲಿರಲಿ.

ಕಲಸುವುದು ತೂಕದಿಂದ, ಕಣ್ಣಂದಾಜಿನಿಂದಲ್ಲ. ಪೂರ್ತಿ ಕಿಟ್ ಒಟ್ಟಿಗೆ ಕಲಸುವುದಾದರೆ ಡಬ್ಬದ ಗೋಡೆಗೆ ಅಂಟಿದ್ದನ್ನೂ ಕೆರೆದು ಹಾಕಿ, ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಮತ್ತೆ ಕಲಸಬೇಕು. ಮೊದಲ ಬಕೆಟ್ಟಿನ ಮೂಲೆಯ ಮಾಲು ನೆಲದಲ್ಲಿ ಜಿಗುಟು ಕಲೆಯಾಗಿ ಉಳಿಯುತ್ತದೆ. ಕಲಸಿದ ಕೂಡಲೇ ಬಕೆಟ್ಟಿನಲ್ಲಿ ಇಟ್ಟುಕೊಳ್ಳದೆ ನೆಲದ ಮೇಲೆ ಪಟ್ಟಿಯಾಗಿ ಸುರಿದುಬಿಡಿ. ಬಕೆಟ್ಟಿನಲ್ಲಿ ಅದರದೇ ಕಾವಿಗೆ ಅದು ಇನ್ನಷ್ಟು ಕಾಯುತ್ತದೆ. 25 ಡಿಗ್ರಿಗೆ 30 ನಿಮಿಷ ಎಂದು ಬರೆದಿದ್ದರೆ 35 ಡಿಗ್ರಿಯಲ್ಲಿ ಹದಿನೈದೇ ನಿಮಿಷ ಎಂದು ಹಿಡಿಯಿರಿ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಈ ಕೆಲಸಕ್ಕೆ ಹೇಳಿದ ಹೊತ್ತಲ್ಲ. ಹರಡಿದ ಮೇಲೆ ಮುಳ್ಳು ರೋಲರ್ ಓಡಿಸಿದರೆ ಸಿಕ್ಕಿಕೊಂಡ ಗಾಳಿ ಬಿಡುತ್ತದೆ. ಎರಡನೆಯ ಕೈ 24 ಗಂಟೆಯೊಳಗೆ. ತಡವಾದರೆ ಸ್ಯಾಂಡ್ ಪೇಪರ್ ಹಿಡಿದು ಮೆರುಗು ಮುರಿದೇ ಹಾಕಬೇಕು.

ಮಳೆಗಾಲದ ತೊಂದರೆ ಬೇರೆ. ಅಮೈನ್ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹಿಡಿದು ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ. ಅದರ ಮೇಲೆ ಎರಡನೆಯ ಕೈ ಹಾಕಿದರೆ ಸಿಪ್ಪೆಯಂತೆ ಏಳುತ್ತದೆ. ನೆಲದ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಬಿಸಿ) ಕನಿಷ್ಠ 3 ಡಿಗ್ರಿ ಮೇಲಿರಬೇಕು ಎನ್ನುವುದು ನಿಯಮ. ನೆಲ, ಗಾಳಿ ಎರಡೂ 25 ಡಿಗ್ರಿ ಇದ್ದು ತೇವಾಂಶ 85% ಆದರೆ ಅಂತರ 3 ಡಿಗ್ರಿ ಬರುವುದಿಲ್ಲ. ಪೊರೆ ಕಟ್ಟಿದ್ದರೆ ಉಗುರುಬೆಚ್ಚಗಿನ ನೀರಿನಿಂದ ಉಜ್ಜಿ ತೊಳೆಯಬೇಕು. ಥಿನ್ನರ್ ಬಟ್ಟೆ ಅದನ್ನು ಹರಡುತ್ತದೆ ಅಷ್ಟೆ. ಕಾಲು ಓಡಾಟ ಮರುದಿನ, ಟ್ರಾಲಿ ಮತ್ತು ನೀರು ಏಳು ದಿನದ ಮೇಲೆ.

ಒಲೆಯ ಹತ್ತಿರ ಬೇಡ ಎಂದದ್ದಕ್ಕೆ ಕಾರಣ: ಕೋಣೆಯ ಬಿಸಿಯಲ್ಲೇ ಒಣಗಿದ ಎಪಾಕ್ಸಿ 50–60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಮೂರು ಪಾಲು ಸಿಲಿಕಾ ಸೇರಿದರೆ ಆ ಗೆರೆ ಹೇಳಿಕೊಳ್ಳುವಷ್ಟು ಮೇಲೇರುವುದಿಲ್ಲ. ಕಾದ ಉಸುಕು ಚೆಲ್ಲುವ ಜಾಗಕ್ಕೆ ಕಡಪ ಕಲ್ಲೇ ಸರಿ. ಬಿಸಿಲು ಬೀಳುವ ಅಂಗಳಕ್ಕೂ ಇದಲ್ಲ: ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಳದಿಯಾಗಿ ಸುಣ್ಣದಂತೆ ಉದುರುತ್ತದೆ, ಸಿಲಿಕಾ ಆ ಕಿರಣವನ್ನು ತಡೆಯುವುದಿಲ್ಲ. ಹಾಕಲೇಬೇಕಿದ್ದರೆ ಮೇಲೊಂದು ಅಲಿಫ್ಯಾಟಿಕ್ ಪಾಲಿಯುರಿಥೇನ್ ಕೈ ಬೇಕು. ಉಪ್ಪು ಹಿಡಿಸಿದ ಅಕ್ಕಿಯನ್ನು ನೇರವಾಗಿ ಈ ನೆಲದ ಮೇಲೆ ಹರಡುವುದೂ ಸಲ್ಲ, ಆಹಾರ ತಾಗಬಹುದು ಎಂಬ ಪ್ರಮಾಣಪತ್ರ ತೋರಿಸದ ಮಟ್ಟಿಗೆ.

ಚಳ್ಳಕೆರೆಯ ಎಣ್ಣೆ ಗಿರಣಿಯವರಿಗೂ ಈ ಕಿಟ್ ಮಾರುತ್ತಾರೆ. ಅಲ್ಲಿ ಉಪ್ಪಿನ ಜಾಗದಲ್ಲಿ ಶೇಂಗಾ ಎಣ್ಣೆ ಎಂದುಕೊಳ್ಳಿ. ಗ್ರೈಂಡ್ ಮಾಡುವ ಮೊದಲೇ ಕ್ಷಾರದ ಮಾರ್ಜಕದಿಂದ ಬಿಸಿನೀರಲ್ಲಿ ತೊಳೆಯಬೇಕು, ಇಲ್ಲವಾದರೆ ಗ್ರೈಂಡರ್ ಎಣ್ಣೆಯನ್ನು ಇನ್ನೂ ಒಳಕ್ಕೆ ಉಜ್ಜುತ್ತದೆ. ತೊಳೆದ ನೆಲಕ್ಕೆ ನೀರು ಚಿಮುಕಿಸಿದಾಗ ಹನಿ ಮುತ್ತಾಗಿ ನಿಲ್ಲದೆ ಹೀರಿಕೊಂಡರೆ ಮುಂದಿನ ಕೆಲಸಕ್ಕೆ ಅದು ತಯಾರು.

ಹೊಟ್ಟಿನ ಬೂದಿಯಲ್ಲಿ ಅಷ್ಟೊಂದು ಸಿಲಿಕಾ ಇದೆಯಲ್ಲ, ಅದನ್ನೇ ಅರೆದು ಹಾಕಬಾರದೇ ಎಂದು ಕೇಳುವವರು ಇಲ್ಲಿ ಬಹಳ. ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ ಇರುವುದು ನಿಜ. ಆದರೆ ಮಿಕ್ಸಿಯಲ್ಲೋ ಗಿರಣಿಯಲ್ಲೋ ಅರೆದದ್ದು ಮೈಕ್ರಾನ್ ಗಾತ್ರದ ಕರಿ ಪುಡಿ. ಒಲೆಯ ಕಾವು ಹೆಚ್ಚಾದಲ್ಲಿ ಸಿಲಿಕಾ ಕ್ರಿಸ್ಟೊಬಲೈಟ್ ಹರಳಾಗಿರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸಿಮೆಂಟಿಗೆ ಬೆರೆಸಲು ಒಳ್ಳೆಯ ಮಾಲು, ಎಪಾಕ್ಸಿಗಲ್ಲ.

ಬೆಲೆ ಸಾದಾ ಎಪಾಕ್ಸಿಗಿಂತ ಸಾಕಷ್ಟು ಮೇಲಿದೆ. ಆ ಹೆಚ್ಚಿನ ದುಡ್ಡನ್ನು ಮೊದಲು ಟ್ರಾಲಿಯ ಕಬ್ಬಿಣದ ಗಾಲಿ ತೆಗೆಸಿ ಪಾಲಿಯುರಿಥೇನ್ ಗಾಲಿ ಹಾಕಿಸುವುದಕ್ಕೆ ಖರ್ಚು ಮಾಡಿದರೆ ನೆಲಕ್ಕೆ ಹೆಚ್ಚು ಆಯುಸ್ಸು. ಆಮೇಲೂ ಉಳಿದರೆ ಟ್ರಾಲಿ ದಾರಿಗೆ ಈ ಕಿಟ್: ಮೊದಲ ಕೈ ಒದ್ದೆ ಇರುವಾಗಲೇ ಅರ್ಧ ಮಿಲಿಮೀಟರ್ ಆಸುಪಾಸಿನ ಕ್ವಾರ್ಟ್ಜ್ ಉಸುಕು ಎರಚಿ, ಒಣಗಿದ ಮೇಲೆ ಸಡಿಲಿದ್ದನ್ನು ಗುಡಿಸಿ, ಎರಡನೆಯ ಕೈ. ದಪ್ಪ ಉಸುಕು ಗಾಲಿಯ ಭಾರ ಹೊರುತ್ತದೆ, ಕಾಲು ಜಾರದಂತೆ ಹಿಡಿಯುತ್ತದೆ. ಅದರ ನಡುವಿನ ರಾಳ ಸವೆದು ಉಸುಕು ಕಿತ್ತುಬರದಂತೆ ನ್ಯಾನೊ ಸಿಲಿಕಾ ನೋಡಿಕೊಳ್ಳುತ್ತದೆ.

ಕೊಳ್ಳುವಾಗ ತಾಂತ್ರಿಕ ಹಾಳೆ ಕೇಳಿ. ಸವೆತದ ಅಂಕಿ ಇದ್ದರೆ ಅದು ಎ.ಎಸ್.ಟಿ.ಎಂ. ಡಿ 4060 (ತಿರುಗುವ ಉಜ್ಜುಚಕ್ರದಿಂದ ಲೇಪನದ ಸವೆತ ಅಳೆಯುವ ಪ್ರಮಾಣಿತ ಪರೀಕ್ಷೆ) ಪ್ರಕಾರವೇ, ಯಾವ ಚಕ್ರ, ಎಷ್ಟು ಭಾರ, ಎಷ್ಟು ಸುತ್ತು ಎಂಬುದೂ ಬರೆದಿರಬೇಕು. ಸಿಎಸ್-17 ಚಕ್ರ, 1000 ಗ್ರಾಂ, 1000 ಸುತ್ತು ರೂಢಿಯದು. ಅದಿಲ್ಲದ ‘ಐದು ಪಟ್ಟು ಬಾಳಿಕೆ’ಯನ್ನು ಯಾವುದಕ್ಕೂ ಹೋಲಿಸಲಾಗದು. ತಯಾರಿಕೆ ತಾರೀಖು ನೋಡಿ, ಕಿಟ್ ಬಿಸಿಲಿಗಿಟ್ಟ ಅಂಗಡಿಯಲ್ಲಿ ಕೊಳ್ಳಬೇಡಿ. ಅದೇ ಬ್ಯಾಚಿನ ಒಂದು ಸಣ್ಣ ಡಬ್ಬ ಹೆಚ್ಚಿಗೆ ತಂದಿಡಿ: ಮುಂದೆ ತೇಪೆ ಹಾಕುವಾಗ ಬಣ್ಣ ಹೊಂದುತ್ತದೆ. ತೇಪೆಯ ಅಂಚನ್ನು ನಾಲ್ಕು ಬೆರಳಗಲ ಸುತ್ತ ಇಳಿಜಾರಾಗಿ ಉಜ್ಜಿಯೇ ಹಾಕಿಸಿ.